ಏಳು ಸೀಟಿನ ಗಾಡಿ ಬುಕ್ ಮಾಡುವ ಮುಂಚೆ ಹಿಂದಿನ ಸಾಲಿನಲ್ಲಿ ಕೂತು ನೋಡಿ

ಮಂಗಳೂರಿನ ಯಾವುದಾದರೂ ಕಾರ್ ಶೋರೂಮಿನಲ್ಲಿ ಭಾನುವಾರ ಒಂದು ಗಂಟೆ ಸುಮ್ನೆ ನಿಂತು ನೋಡಿ. ದೊಡ್ಡ ಗಾಡಿ ನೋಡಲು ಮನೆಮಂದಿಯೆಲ್ಲ ಬಂದಿರುತ್ತಾರೆ. ಯಜಮಾನರು ನೇರ ಡ್ರೈವರ್ ಸೀಟಿಗೆ ಹೋಗುತ್ತಾರೆ. ಮಗ ಸ್ಕ್ರೀನ್ ಒತ್ತುತ್ತಾ ಕೂರುತ್ತಾನೆ. ಮಕ್ಕಳಿಗೆ ಸನ್‌ರೂಫ್. ಅಜ್ಜಿಗೆ ಎ.ಸಿ. ಕೆಳಗೆ ಒಂದು ಕುರ್ಚಿ, ಒಂದು ಕಪ್ ಕಾಫಿ. ಮೂರನೇ ಸಾಲಿಗೆ ಯಾರೂ ಹತ್ತುವುದೇ ಇಲ್ಲ. ಆಮೇಲೆ ಕಟೀಲಿಗೆ ಹೊರಟ ದಿನ ಅಂಗಳದಲ್ಲೇ ತಕರಾರು ಶುರು: "ಹಿಂದೆ ನಾನು ಕೂರುವುದಿಲ್ಲ, ನೀನು ಕೂತ್ಕೋ." ಅಷ್ಟು ದುಡ್ಡು ಕೊಟ್ಟು ತಂದದ್ದು ಕೊನೆಗೆ ಐದು ಸೀಟಿನ ಕಾರೇ ಆಯಿತಲ್ವಾ?

1. ಗಾಡಿ ಬೇಕಾ, ಬಾಡಿಗೆ ಸಾಕಾ?

ಕಳೆದ ವರ್ಷ ಐದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಹೋದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮದುವೆ, ಗೃಹಪ್ರವೇಶ, ಧರ್ಮಸ್ಥಳ, ಸುಬ್ರಹ್ಮಣ್ಯ, ಊರಿನ ದೈವದ ನೇಮ ಎಲ್ಲ ಸೇರಲಿ. ಐದು ಸೀಟಿನ ಒಳ್ಳೆಯ ಕಾರಿಗೂ ನೀವು ನೋಡುತ್ತಿರುವ ದೊಡ್ಡ ಗಾಡಿಗೂ 10 ಲಕ್ಷ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಆ ದುಡ್ಡು ಬ್ಯಾಂಕಿನಲ್ಲಿ ಶೇ 6.5 ಬಡ್ಡಿಗೆ ಕೂತರೆ ವರ್ಷಕ್ಕೆ 65 ಸಾವಿರ. ಡ್ರೈವರ್ ಸಮೇತ ಬಾಡಿಗೆ ಇನ್ನೋವಾಕ್ಕೆ ದಿನಕ್ಕೆ 6 ಸಾವಿರ ಹಿಡಿದರೂ ಹತ್ತು ದಿನ ಆರಾಮ ತಿರುಗಬಹುದು, ಅಸಲು ಹಾಗೇ ಇರುತ್ತದೆ. ಗುರುತು ಹಾಕಿದ ದಿನಗಳು ಹತ್ತಕ್ಕಿಂತ ಕಡಿಮೆ ಇದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು.

2. ಗೇಟು ಅಳೆಯಿರಿ

ಉದ್ದದಲ್ಲಿ ರೆನೋ ಟ್ರೈಬರ್ ನಾಲ್ಕು ಮೀಟರಿನ ಒಳಗೆ. ಮಾರುತಿ ಎರ್ಟಿಗಾ ಸುಮಾರು 4.4 ಮೀಟರ್. ಟೊಯೊಟಾದ ಇನ್ನೋವಾ ಕ್ರಿಸ್ಟಾ, ಇನ್ನೋವಾ ಹೈಕ್ರಾಸ್ ಎರಡೂ 4.7ರ ಮೇಲೆ. ಕಿಯಾ ಕಾರ್ನಿವಲ್ 5.15 ಮೀಟರ್ ಉದ್ದ, ಹೆಚ್ಚುಕಡಿಮೆ ಎರಡು ಮೀಟರ್ ಅಗಲ. ನಮ್ಮ ಕಡೆ ಕೆಂಪುಕಲ್ಲಿನ ಕಾಂಪೌಂಡು, ಓಣಿಯಿಂದ ನೇರ ತಿರುಗಿ ಒಳಗೆ ಹೋಗುವ ಗೇಟು. ಅಳತೆ ಪಟ್ಟಿ ಸಾಲದು, ಟೆಸ್ಟ್ ಡ್ರೈವ್ ಗಾಡಿಯನ್ನೇ ಮನೆಗೆ ತರಿಸಿ ಒಳಗೆ ಹಾಕಿ ನೋಡಿ.

3. ಮೂರನೇ ಸಾಲು

ಇಲ್ಲಿ ಅವಸರ ಬೇಡ. ಎಲ್ಲರೂ ಎಡವುವುದು ಇಲ್ಲೇ.

ಮೊದಲು ಗೊತ್ತಿರಬೇಕಾದ ವಿಷಯ: ಶೋರೂಮಿನಲ್ಲಿ ನಡುವಿನ ಸಾಲನ್ನು ಮುಂದಕ್ಕೆ ಎಳೆದು ಇಟ್ಟಿರುತ್ತಾರೆ. ಹಿಂದೆ ಇಣುಕಿದವರಿಗೆ "ಓ, ಜಾಗ ಉಂಟಲ್ಲ" ಅನಿಸಬೇಕು, ಅಷ್ಟೆ. ನೀವು ಮುಂದಿನಿಂದ ಶುರು ಮಾಡಿ. ಮನೆಯಲ್ಲಿ ಗಾಡಿ ಓಡಿಸುವವರು ತಮಗೆ ಬೇಕಾದಂತೆ ಸೀಟು ಹೊಂದಿಸಿಕೊಳ್ಳಲಿ. ಮನೆಯ ಎತ್ತರದ ವ್ಯಕ್ತಿ ಅವರ ಹಿಂದೆ ಕೂತು, ಮೊಣಕಾಲು ತಾಗದಷ್ಟು ಸೀಟು ಹಿಂದೆ ಸರಿಸಲಿ. ಈಗ ಮೂರನೇ ಸಾಲಿಗೆ ಹತ್ತಿ. ಅಲ್ಲಿ ಏನು ಉಳಿದಿದೆಯೋ ಅದೇ ನಿಜವಾದ ಜಾಗ.

ಹತ್ತುವುದನ್ನೂ ಪರೀಕ್ಷೆ ಮಾಡಿ. ಸೀರೆ ಉಟ್ಟವರು ಹತ್ತಲಿ, ಸೇಲ್ಸ್ ಹುಡುಗ ಸಹಾಯ ಮಾಡುವುದು ಬೇಡ. ನಡುವಿನ ಸೀಟು ಒಂದೇ ಕೈಯಲ್ಲಿ ಮಡಚುತ್ತದಾ? ಮಡಚಿದ ಮೇಲೆ ಕಾಲಿಡಲು ಎಷ್ಟು ಸಂದಿ? ಜುಲೈ ತಿಂಗಳಲ್ಲಿ ಇನ್ನೊಂದು ಕೈಯಲ್ಲಿ ಕೊಡೆ ಇರುತ್ತದೆ, ನೆನಪಿರಲಿ. ಕಿಯಾ ಕಾರೆನ್ಸ್‌ನಲ್ಲಿ ಎಡಗಡೆಯ ಸೀಟು ಬಟನ್ ಒತ್ತಿದರೆ ತಾನೇ ಮಗುಚಿಕೊಳ್ಳುತ್ತದೆ, ಅದು ಒಳ್ಳೆಯ ಉಪಾಯ. ಮೊಣಕಾಲು ನೋವಿನ ಹಿರಿಯರು ಇರುವ ಮನೆಗೆ ನನ್ನ ಮಾತು ಒಂದೇ: ನಡುವೆ ಎರಡು ಬಿಡಿ ಸೀಟು, ಅಂದರೆ ಕ್ಯಾಪ್ಟನ್ ಸೀಟು ಇರುವುದನ್ನೇ ತೆಗೆದುಕೊಳ್ಳಿ. ಹಿರಿಯರು ಏಳುವುದು ಬೇಡ, ಮಕ್ಕಳು ಎರಡು ಸೀಟಿನ ನಡುವಿನಿಂದ ನುಸುಳಿ ಹಿಂದೆ ಹೋಗುತ್ತಾರೆ. ಬೆಂಚ್ ಸೀಟಾದರೆ ಒಬ್ಬರು ಜಾಸ್ತಿ ಹಿಡಿಯುತ್ತಾರೆ, ನಿಜ. ಆದರೆ ಹಿಂದಿನವರು ಇಳಿಯಬೇಕೆಂದರೆ ಪ್ರತಿ ಸಲವೂ ಅಜ್ಜಿಯೇ ಏಳಬೇಕು.

ಕೂತಾಯಿತಾ? ಎರಡು ನಿಮಿಷಕ್ಕೆ ಇಳಿಯಬೇಡಿ, ಇಪ್ಪತ್ತು ನಿಮಿಷ ಕೂರಿ. ಹಿಂದಿನ ಸಾಲಿನ ನೆಲ ಸಾಮಾನ್ಯವಾಗಿ ಎತ್ತರ, ಯಾಕೆಂದರೆ ಹಿಂದಿನ ಚಕ್ರದ ಸಸ್ಪೆನ್ಷನ್ ಅದರ ಕೆಳಗೇ ಇರುತ್ತದೆ. ನೆಲ ಎತ್ತರವಾದಷ್ಟು ಮೊಣಕಾಲು ಮೇಲೇಳುತ್ತದೆ, ತೊಡೆ ಸೀಟಿಗೆ ತಾಗುವುದೇ ಇಲ್ಲ. ಮೈಭಾರವೆಲ್ಲ ಬೆನ್ನಿನ ಬುಡಕ್ಕೆ. ತೊಡೆಯ ಕೆಳಗೆ ಕೈ ತೂರಿಸಿ ನೋಡಿ. ಸಲೀಸಾಗಿ ಹೋದರೆ ಬೆಂಗಳೂರಿಗೆ ಹೊರಟವರಿಗೆ ಉಪ್ಪಿನಂಗಡಿ ತಲುಪುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತದೆ. ಪಾದದ ತುದಿ ಮುಂದಿನ ಸೀಟಿನ ಅಡಿಗೆ ಹೋಗುತ್ತದಾ ನೋಡಿ. ತಲೆ ಹಿಂದಕ್ಕೆ ಒರಗಿಸಿ, ಹಿಂದಿನ ಗಾಜಿಗೂ ತಲೆಗೂ ಎಷ್ಟು ಅಂತರ ಅಂತ ಕೈಯಲ್ಲೇ ಅಳೆಯಿರಿ.

ಟೆಸ್ಟ್ ಡ್ರೈವಿಗೆ ಮಧ್ಯಾಹ್ನವೇ ಹೋಗಿ. ಗಾಡಿಯನ್ನು ಹದಿನೈದು ನಿಮಿಷ ಬಿಸಿಲಿಗೆ ನಿಲ್ಲಿಸಿ, ಆಮೇಲೆ ಎ.ಸಿ. ಹಾಕಿ ಹಿಂದೆ ಕೂರಿ. ಹಿಂದಿನವರಿಗೆ ಬೇರೆ ಗಾಳಿಕಿಂಡಿ ಉಂಟಾ, ಅದಕ್ಕೆ ಬೇರೆ ಫ್ಯಾನ್ ಉಂಟಾ ಕೇಳಿ. ಮೂರನೇ ಸಾಲಿನ ಕಿಟಕಿ ಸಾಮಾನ್ಯವಾಗಿ ತೆರೆಯುವುದಿಲ್ಲ. ತಿರುವಿನಲ್ಲಿ ಓಲಾಟವೂ ಅಲ್ಲೇ ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡುವ ಮಗುವನ್ನು ಅಲ್ಲಿ ಕೂರಿಸಿದರೆ ಕೊಟ್ಟಿಗೆಹಾರದಲ್ಲಿ ಗಾಡಿ ತೊಳೆಯುವ ಕೆಲಸ ಖಾಯಂ.

ನಂತರ ಬೆಲ್ಟು. ಕೂರುವವರು ಎಷ್ಟು ಜನವೋ ಅಷ್ಟು ಬೆಲ್ಟು, ಅಷ್ಟು ತಲೆದಿಂಬು ಇರಬೇಕು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಅಂತ ಗಾಡಿಯನ್ನು ಗುದ್ದಿಸಿ ನೋಡುವ ನಮ್ಮದೇ ಅಪಘಾತ ಪರೀಕ್ಷೆ ಉಂಟು, ಐದು ಸ್ಟಾರ್ ಅಂದರೆ ಎಲ್ಲಕ್ಕಿಂತ ಒಳ್ಳೆಯದು. ಸ್ಟಾರ್ ನೋಡಿಯೇ ಕೊಳ್ಳಿ. ಆದರೆ ಆ ಪರೀಕ್ಷೆಯಲ್ಲಿ ದೊಡ್ಡವರ ಬೊಂಬೆ ಮುಂದಿನ ಸೀಟಿನಲ್ಲಿ, ಮಕ್ಕಳ ಬೊಂಬೆ ಎರಡನೇ ಸಾಲಿನಲ್ಲಿ ಇರುತ್ತದೆ. ಮೂರನೇ ಸಾಲಿನವರ ಬಗ್ಗೆ ಸ್ಟಾರ್ ಏನೂ ಹೇಳುವುದಿಲ್ಲ. ಪುಟ್ಟ ಮಕ್ಕಳನ್ನು ಅಲ್ಲಿಗೆ ತಳ್ಳುವ ಅಭ್ಯಾಸ ಬಿಡಿ.

ಕೊನೆಗೆ ಸಾಮಾನು. ಏಳೂ ಸೀಟು ನೆಟ್ಟಗೆ ನಿಂತಿರುವಾಗ ಎರ್ಟಿಗಾದ ಡಿಕ್ಕಿ 209 ಲೀಟರ್, ಟ್ರೈಬರಿನದು 84. ಅಂಕಿ ಕೇಳಿದರೆ ಏನೂ ಅರ್ಥವಾಗುವುದಿಲ್ಲ, ಅಲ್ವಾ? ದುಬೈಯಿಂದ ಭಾವ ಬಂದಾಗ ಬಜ್ಪೆಯಿಂದ ತರುವ ದೊಡ್ಡ ಸೂಟ್‌ಕೇಸ್ ಒಂದನ್ನು ಶೋರೂಮಿಗೇ ತೆಗೆದುಕೊಂಡು ಹೋಗಿ. ನಾಚಿಕೆ ಬೇಡ. ಬಾಗಿಲು ಮುಚ್ಚುತ್ತದಾ ನೋಡಿ. ಸಿಎನ್‌ಜಿ ಎರ್ಟಿಗಾ ಆದರೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ, ಸೂಟ್‌ಕೇಸ್ ಮನೆಯಲ್ಲೇ ಬಿಡಿ.

4. ತುಂಬಿಸಿಕೊಂಡೇ ಓಡಿಸಿ

ಶೋರೂಮಿನವರು ನಿಮ್ಮೊಬ್ಬರನ್ನೇ ಕೂರಿಸಿ ಹೈವೇಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಮನೆಮಂದಿಯನ್ನೆಲ್ಲ ಹತ್ತಿಸಿ, ಎ.ಸಿ. ಪೂರ್ತಿ ಹಾಕಿ. ಉಡುಪಿಯವರು ಇಂದ್ರಾಳಿಯಿಂದ ಮಣಿಪಾಲದ ಏರು ಹತ್ತಲಿ, ಮಂಗಳೂರಿನವರು ಕದ್ರಿ ಗುಡ್ಡದ ಕಡೆ ಹೋಗಲಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಒಬ್ಬರೇ ಇದ್ದಾಗ ಹಾರಿದ ಗಾಡಿ ಏಳು ಜನ ಕೂತಾಗ ಏದುಸಿರು ಬಿಡುವುದು ಅಲ್ಲಿ ಗೊತ್ತಾಗುತ್ತದೆ.

ಎಂಜಿನ್ ಯಾವುದು ಅನ್ನುವುದು ನಿಮ್ಮ ದಿನಚರಿಯ ಮೇಲೆ. ದಿನವೂ ಕಂಕನಾಡಿಯಿಂದ ಹಂಪನಕಟ್ಟೆಗೆ ಮಾತ್ರ ಓಡುವ ಗಾಡಿಗೆ ಡೀಸೆಲ್ ಬೇಡವೇ ಬೇಡ. ಈಗಿನ ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿ ಬಿಸಿಯಾದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಊರೊಳಗೇ ಓಡಿಸುವವರಿಗೆ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಗಾಡಿ ಸರಿ. ಬ್ರೇಕ್ ಹಾಕಿದಾಗ ಹಾಳಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿ, ನಂತೂರಿನಂಥ ಟ್ರಾಫಿಕ್ಕಿನಲ್ಲಿ ಅದರಲ್ಲೇ ತೆವಳುತ್ತದೆ. ಪ್ಲಗ್ ಹಾಕುವ ಕೆಲಸ ಇಲ್ಲ. ಹೈಕ್ರಾಸ್ ಹೈಬ್ರಿಡ್ಡಿನ ಪರೀಕ್ಷಾ ಮೈಲೇಜ್ ಲೀಟರಿಗೆ 23.24 ಕಿ.ಮೀ., ಬ್ಯಾಟರಿಗೆ ಟೊಯೊಟಾದವರು ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ನೇರ ಹೈವೇಯಲ್ಲಿ ಒಂದೇ ಸಮನೆ ಓಡಿದರೆ ಲಾಭ ಅಷ್ಟಿಲ್ಲ.

ತಿಂಗಳಿಗೆರಡು ಸಲ ಶಿರಾಡಿ ಘಾಟಿ ಹತ್ತುವ ತುಂಬು ಕುಟುಂಬಕ್ಕೆ ನನ್ನ ಆಯ್ಕೆ ಈಗಲೂ ಡೀಸೆಲ್ ಕ್ರಿಸ್ಟಾ. ಅದರಲ್ಲಿ ತಳ್ಳುವುದು ಹಿಂದಿನ ಚಕ್ರ. ತುಂಬಿದ ಗಾಡಿ ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ಜಾಸ್ತಿ ಸಿಗುತ್ತದೆ. ಹೈಕ್ರಾಸ್, ಕಾರೆನ್ಸ್, ಎರ್ಟಿಗಾ ಎಲ್ಲ ಮುಂದಿನ ಚಕ್ರದವು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದ ಏರಿನಲ್ಲಿ ಸುಮ್ನೆ ಚಕ್ರ ತಿರುಗಿಸುತ್ತಾ ನಿಲ್ಲುವುದು ಇಂಥವೇ.

5. ಕೊಟೇಶನ್ ಓದಿ

20 ಲಕ್ಷ ದಾಟಿದ ಕಾರಿಗೆ ಕರ್ನಾಟಕದ ರಸ್ತೆ ತೆರಿಗೆ ಶೇ 18, ಅದರ ಮೇಲೆ ಸೆಸ್. 22 ಲಕ್ಷದ ಗಾಡಿಗೆ ತೆರಿಗೆಯೇ 3.96 ಲಕ್ಷ. ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಎಕ್ಸ್‌ಶೋರೂಮ್ ಬೆಲೆ ನೋಡಿ ಸಾಲದ ಲೆಕ್ಕ ಹಾಕಬೇಡಿ. 10 ಲಕ್ಷದ ಮೇಲಿನ ಗಾಡಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ವಜಾ ಮಾಡಿಸಿಕೊಳ್ಳಬಹುದು. ಎಷ್ಟೋ ಜನ ಮರೆತೇ ಬಿಡುತ್ತಾರೆ. "ಹ್ಯಾಂಡ್ಲಿಂಗ್ ಚಾರ್ಜ್" ಅಂತ ಸಾಲು ಇದ್ದರೆ ಹೊಡೆದು ಹಾಕಲು ಹೇಳಿ. ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕೆಂದಿಲ್ಲ, ಹೊರಗೆ ವಿಚಾರಿಸಿ. ಎಲ್ಲಿ ಮಾಡಿಸಿದರೂ ಎಂಜಿನ್ ಕವರ್ ಅನ್ನುವ ಹೆಚ್ಚುವರಿ ವಿಮೆ ಬಿಡಬೇಡಿ. ಕೊಟ್ಟಾರ ಚೌಕಿಯಲ್ಲಿ ಮಳೆನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಎಂಜಿನ್ನಿಗೆ ನೀರು ಹೋದರೆ ಸಾದಾ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ.

ಆಕ್ಸೆಸರಿ ಪಟ್ಟಿ ಬಂದಾಗ ಗಟ್ಟಿಯಾಗಿರಿ. 7ಡಿ ಮ್ಯಾಟ್ ಅನ್ನುವ ದಪ್ಪ ಹಾಸು ನಮ್ಮ ಮಳೆಗಾಲಕ್ಕೆ ಬೇಡ, ಅಡಿಯಲ್ಲಿ ನೀರು ಆರದೆ ಕಾರಿಡೀ ಮುಗ್ಗಲು ವಾಸನೆ. ತೊಳೆದು ಗೋಡೆಗೆ ಆನಿಸುವ ಸಾದಾ ರಬ್ಬರ್ ಮ್ಯಾಟ್ ಸಾಕು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ ದಪ್ಪ ಸೀಟ್ ಕವರ್ ಬಿಗಿದು ಹೊಲಿಸುವುದಂತೂ ದುಡ್ಡು ಕೊಟ್ಟು ಏರ್‌ಬ್ಯಾಗಿಗೆ ಬೀಗ ಹಾಕಿದ ಹಾಗೆ. ಸನ್‌ರೂಫಿಗಾಗಿ ಮೇಲಿನ ವೇರಿಯೆಂಟಿಗೆ ಹೋಗುವವರಿಗೆ ಏನು ಹೇಳುವುದು? ಆರು ತಿಂಗಳು ಬಿಸಿಲು, ನಾಲ್ಕು ತಿಂಗಳು ಮಳೆ.

6. ಕೀ ತೆಗೆದುಕೊಳ್ಳುವ ಮುಂಚೆ

ಗಾಡಿ ತಯಾರಾದ ತಿಂಗಳು, ಟಯರ್ ಮೇಲೆ ಬರೆದಿರುವ ಅದು ತಯಾರಾದ ವಾರ, ವರ್ಷ ನೋಡಿ. ಯಾರ್ಡಿನಲ್ಲಿ ಮಳೆಗೆ ನಿಂತ ಗಾಡಿಯಾದರೆ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಕೊನೆಗೆ ಸ್ಟೆಪ್ನಿ. ಉಂಟಾ, ಉಳಿದ ಚಕ್ರದ ಅಳತೆಯದ್ದೇ ಉಂಟಾ, ಅಥವಾ ಬರೀ ಪಂಕ್ಚರ್ ಕಿಟ್ ಕೊಟ್ಟು ಕೈತೊಳೆದುಕೊಂಡಿದ್ದಾರಾ? ದೊಡ್ಡ ಗಾಡಿಗಳಲ್ಲಿ ಅದು ಹೊಟ್ಟೆಯ ಅಡಿಗೆ ನೇತಾಡುವುದೂ ಉಂಟು, ಇಳಿಸಲು ಉದ್ದದ ಕಬ್ಬಿಣದ ರಾಡ್ ಬೇಕು, ರಾಡ್ ಹಾಕುವ ತೂತು ಡಿಕ್ಕಿಯ ಬಳಿ ಇರುತ್ತದೆ. ಸೇಲ್ಸ್ ಹುಡುಗನ ಎದುರೇ ಒಮ್ಮೆ ನೀವೇ ಇಳಿಸಿ, ಮತ್ತೆ ಏರಿಸಿ. ಗುಂಡ್ಯ ದಾಟಿ ಶಿರಾಡಿ ಘಾಟಿ ಸೇರಿದ ಮೇಲೆ ಫೋನಿನಲ್ಲಿ ವಿಡಿಯೊ ಹುಡುಕೋಣ ಅಂದರೆ ನೆಟ್‌ವರ್ಕ್ ಕೈಕೊಡಬಹುದು.