ಬೆನ್ನುಹುರಿಯ ಗಾಯದ ಬಳಿಕ ಖಿನ್ನತೆಯನ್ನು ಗುರುತಿಸಿ, ಜನರ ನಡುವೆ ಮರಳುವ ಬಗೆ

ಬೆನ್ನುಹುರಿಗೆ ಪೆಟ್ಟಾದವರಲ್ಲಿ ಶೇ. 20ರಿಂದ 30ರಷ್ಟು ಮಂದಿಗೆ ಗಣನೀಯ ಖಿನ್ನತೆಯ ಲಕ್ಷಣಗಳು ಕಾಣಿಸುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರಲ್ಲಿ ಅದು ಕಾಣಿಸುವುದಿಲ್ಲ ಎಂದಾದ ಮೇಲೆ, ಕಾಣಿಸಿದಾಗ ಗಾಯದ ಸಹಜ ಪರಿಣಾಮವೆಂದು ಸುಮ್ಮನಿರುವುದು ತಪ್ಪು.

ಗುರುತಿಸುವುದೇ ಇಲ್ಲಿ ಕಷ್ಟ. ನಿದ್ರೆಗೇಡು, ದಣಿವು, ಹಸಿವಿನ ಏರುಪೇರುಗಳು ನೋವು, ಸ್ನಾಯುಸೆಳೆತ ಅಥವಾ ಔಷಧಗಳಿಂದಲೂ ಉಂಟಾಗುವುದರಿಂದ, ಎರಡು ವಾರ ಬಿಡದೆ ಕಾಡುವ ಬೇಸರ, ಮೊದಲು ಹಿಡಿಸುತ್ತಿದ್ದ ವಿಷಯಗಳಲ್ಲಿ ನಿರಾಸಕ್ತಿ, ತಾನು ಮನೆಯವರಿಗೆ ಹೊರೆಯೆಂಬ ಭಾವನೆ ಇವುಗಳನ್ನು ವಿಶೇಷವಾಗಿ ಗಮನಿಸಿ ವೈದ್ಯರಿಗೆ ತಿಳಿಸಬೇಕು. ಸಾಯುವ ಯೋಚನೆ ಬಂದರೆ ತಡಮಾಡದೆ ಅಂದೇ ನೆರವು ಪಡೆಯಬೇಕು. ಖಿನ್ನತೆಯ ಕೆಲವು ಔಷಧಗಳು ಮೂತ್ರ ಕಟ್ಟಿಸುತ್ತವೆಯಾದ್ದರಿಂದ ಮೂತ್ರಕೋಶದ ಸ್ಥಿತಿಯನ್ನೂ ಹೇಳಿ.

ಉತ್ಸಾಹ ಬಂದ ಮೇಲೆ ಹೊರಗೆ ಹೋಗೋಣವೆಂದು ಕಾಯಬೇಡಿ; ಸಾಮಾನ್ಯವಾಗಿ ಚಟುವಟಿಕೆ ಮೊದಲು, ಉತ್ಸಾಹ ಆಮೇಲೆ. ವಾರಕ್ಕೆ ಒಂದು ಭೇಟಿಯನ್ನು ಗೊತ್ತುಪಡಿಸಿಕೊಂಡು, ಅಲ್ಲಿ ಇಳಿಜಾರು ದಾರಿಯೂ ಗಾಲಿಕುರ್ಚಿ ಹಿಡಿಯುವ ಶೌಚಾಲಯವೂ ಇವೆಯೇ ಎಂದು ಮುಂಚೆಯೇ ವಿಚಾರಿಸಿ. ಅನೇಕರನ್ನು ಮನೆಯಲ್ಲೇ ಕಟ್ಟಿಹಾಕುವುದು ನಡೆಯದ ಕಾಲಿಗಿಂತ ಹೆಚ್ಚಾಗಿ, ಮೂತ್ರದ ಹಿಡಿತ ತಪ್ಪಿ ನಾಲ್ವರೆದುರು ಬಟ್ಟೆ ಒದ್ದೆಯಾದೀತೆಂಬ ಅಳುಕು. ಆದ್ದರಿಂದ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಮತ್ತು ಬದಲಿ ಬಟ್ಟೆಯ ಚೀಲ ಜೊತೆಗಿರಲಿ. ಇದೇ ಗಾಯದೊಡನೆ ವರ್ಷಗಳಿಂದ ಬದುಕುತ್ತಿರುವವರನ್ನು ಭೇಟಿಯಾಗಿ. ಇಂಥ ಉಪಾಯಗಳು ವೈದ್ಯರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತವೆ.