ಒಪ್ಪಿದರೋ, ಗಮನಿಸಿದರೋ: ಪಿಂಚಣಿ ಕಚೇರಿಯಲ್ಲಿ ನಾನು ಕೆಲಸ ಕಲಿತದ್ದು

ನಾನು ಇಂಗ್ಲೆಂಡಿನ ಒಂದು ಪಿಂಚಣಿ ಆಡಳಿತ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದ್ದು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ. ಆಗ ನನಗೆ 34 ವರ್ಷ. ಅಪ್ರೆಂಟಿಸ್ ಅಂದರೆ ಹದಿನೆಂಟರ ಹುಡುಗರಿಗೆ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ. ಸಂಬಳ ಕೊಟ್ಟೇ ಕೆಲಸ ಕಲಿಸುತ್ತಾರೆ. ಕೆಲಸದ ಹೊತ್ತಿನಲ್ಲೇ ವಾರಕ್ಕೆ ಕನಿಷ್ಠ 6 ಗಂಟೆ ಓದಿಗೆ ಬಿಡಬೇಕು ಅನ್ನುವುದು ಆಗಿನ ನಿಯಮ. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು.

ಸೇರಿ ಮೂರು ವಾರ ಆಗಿತ್ತಷ್ಟೇ. ಸೆಪ್ಟೆಂಬರ್ 23ರ ಶುಕ್ರವಾರ ಇಲ್ಲಿನ ಸರ್ಕಾರ ಮಿನಿ ಬಜೆಟ್ ಮಂಡಿಸಿತು. ಸರ್ಕಾರಿ ಸಾಲಪತ್ರಗಳ ಬೆಲೆ ದಿಢೀರನೆ ಕುಸಿಯಿತು. ಅವನ್ನೇ ಅಡವಿಟ್ಟು ಸಾಲ ತಂದು ಹೂಡಿದ್ದ ಪಿಂಚಣಿ ನಿಧಿಗಳು ರಾತ್ರೋರಾತ್ರಿ ನಗದು ಹೊಂದಿಸಬೇಕಾಯಿತು. ನಗದಿಗಾಗಿ ಅದೇ ಸಾಲಪತ್ರಗಳನ್ನು ಮಾರಿದರು, ಬೆಲೆ ಇನ್ನೂ ಬಿತ್ತು. 28ರಂದು ಇಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಅವುಗಳ ಖರೀದಿಗೆ ಇಳಿಯಿತು.

ಆ ವಾರವಿಡೀ ಫೋನ್ ನಿಲ್ಲಲಿಲ್ಲ. ‘ನನ್ನ ಪಿಂಚಣಿ ಹೋಯಿತಾ?’ ಎಲ್ಲರದ್ದೂ ಇದೇ ಪ್ರಶ್ನೆ. ನನಗೆ ಉತ್ತರ ಕೊಡುವ ಅನುಮತಿ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಹಿರಿಯರ ಪಕ್ಕ ಕೂತು ಕೇಳುವುದಷ್ಟೇ ನನ್ನ ಕೆಲಸ. ನನಗೆ ಕೆಲಸ ಕಲಿಸಿದ ಕ್ಲೈಂಟ್ ಮ್ಯಾನೇಜರ್ ಪ್ರತಿಯೊಬ್ಬರಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದರು: ‘ನಿಮ್ಮದು ಸಂಬಳ ಮತ್ತು ಸೇವೆಯ ವರ್ಷಗಳ ಮೇಲೆ ನಿಗದಿಯಾದ ಪಿಂಚಣಿ. ಆ ಮೊತ್ತ ಬದಲಾಗಿಲ್ಲ. ಈ ತಿಂಗಳದ್ದು ಎಂದಿನ ದಿನವೇ ಬರುತ್ತದೆ.’ ‘ಏನೂ ಆಗಿಲ್ಲ, ಚಿಂತೆ ಬಿಡಿ’ ಅಂತ ಒಮ್ಮೆಯೂ ಅನ್ನಲಿಲ್ಲ. ಯಾಕೆ ಅಂತ ಕೇಳಿದೆ. ‘ಏನೂ ಆಗಿಲ್ಲ ಅನ್ನುವುದು ನನಗೆ ಗೊತ್ತಿಲ್ಲವಲ್ಲ. ಗೊತ್ತಿರುವುದನ್ನು ಮಾತ್ರ ಹೇಳಿದೆ’ ಅಂದರು. ಆ ವಾಕ್ಯವನ್ನು ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡೆ.

ಕ್ಲೈಂಟ್ ಅಂದರೆ ಯಾರು ಅನ್ನುವುದೇ ಮೊದಲು ನನಗೆ ಗೊಂದಲವಾಗಿತ್ತು. ಫೋನ್ ಮಾಡುವ ನಿವೃತ್ತರು ಕ್ಲೈಂಟ್ ಅಲ್ಲ, ಅವರು ಸದಸ್ಯರು. ಅವರು ದುಡಿದ, ಪಿಂಚಣಿಗೆ ಹಣ ಹಾಕುವ ಕಂಪನಿಯೂ ಅಲ್ಲ. ನಮ್ಮ ಕ್ಲೈಂಟ್ ಅಂದರೆ ಆ ಕಂಪನಿಯ ಪಿಂಚಣಿ ಸ್ಕೀಮನ್ನು ಸದಸ್ಯರ ಪರವಾಗಿ ನೋಡಿಕೊಳ್ಳುವ ಟ್ರಸ್ಟಿಗಳ ಮಂಡಳಿ. ಕಾನೂನಿನ ಪ್ರಕಾರ ಟ್ರಸ್ಟಿಗಳಲ್ಲಿ ಮೂರನೇ ಒಂದು ಭಾಗವಾದರೂ ಸದಸ್ಯರ ಕಡೆಯಿಂದ ಬಂದವರಿರಬೇಕು. ಹಾಗಾಗಿ ನಾನು ಕಂಡ ಮೊದಲ ಸಭೆಯಲ್ಲಿ ಕಂಪನಿಯ ಹಣಕಾಸು ಮುಖ್ಯಸ್ಥರ ಪಕ್ಕದಲ್ಲೇ ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರು ಕೂತಿದ್ದರು. ಅತಿ ಚೂಪಾದ ಪ್ರಶ್ನೆ ಕೇಳಿದ್ದು ಅವರೇ.

ಮೊದಲ ಆರು ತಿಂಗಳು ನನ್ನನ್ನು ಆಡಳಿತ ತಂಡದಲ್ಲಿ ಕೂರಿಸಿದರು. ಇದು ತುಂಬಾ ಒಳ್ಳೆಯ ಕ್ರಮ. ಫೈಲನ್ನೇ ಮುಟ್ಟದವರು ಟ್ರಸ್ಟಿಗಳ ಮುಂದೆ ಏನು ಹೇಳಿಯಾರು? ಇಲ್ಲಿ ಒಬ್ಬ ಸದಸ್ಯರ ಪಿಂಚಣಿ ಒಂದೇ ಗಂಟು ಅಲ್ಲ, ಪದರ ಪದರ. 1978ರ ಏಪ್ರಿಲ್ 6ರಿಂದ 1997ರ ಏಪ್ರಿಲ್ 5ರವರೆಗೆ ದುಡಿದ ಅವಧಿಗೆ ಜಿಎಂಪಿ ಅನ್ನುವ ಕನಿಷ್ಠ ಖಾತರಿ ಮೊತ್ತ ಸೇರಿರಬಹುದು. 1990ರ ಮೇ 17ರಂದು ಯುರೋಪಿನ ನ್ಯಾಯಾಲಯ ಕೊಟ್ಟ ಬಾರ್ಬರ್ ತೀರ್ಪಿನ ನಂತರದ ಸೇವೆಗೆ ಗಂಡಸರಿಗೂ ಹೆಂಗಸರಿಗೂ ನಿವೃತ್ತಿ ವಯಸ್ಸು ಸಮನಾಗಿರಬೇಕು. ಜಿಎಂಪಿಯಲ್ಲಿ ಉಳಿದಿದ್ದ ಗಂಡು-ಹೆಣ್ಣಿನ ತಾರತಮ್ಯವನ್ನೂ ಸರಿಪಡಿಸಿ ಅಂತ 2018ರ ಅಕ್ಟೋಬರ್ 26ರಂದು ಹೈಕೋರ್ಟ್ ಹೇಳಿತು. ಆ ಲೆಕ್ಕಾಚಾರ ಎಷ್ಟೋ ಸ್ಕೀಮುಗಳಲ್ಲಿ ವರ್ಷಗಟ್ಟಲೆ ಎಳೆಯಿತು. ಈ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿದ್ದೆ. ಮೂರು ತಿಂಗಳಲ್ಲಿ ಬಾಯಿಪಾಠ ಆದವು, ಚೀಟಿ ಮಾತ್ರ ಇವತ್ತಿಗೂ ಅಲ್ಲೇ ಇದೆ.

ಆ ದಿನಗಳಲ್ಲಿ ಜಾಸ್ತಿ ಬಂದ ಪತ್ರಗಳು ವರ್ಗಾವಣೆ ಮೊತ್ತದ ಬಗ್ಗೆ. ಒಬ್ಬರು ಒಂದು ವರ್ಷದ ಹಿಂದೆ ತಮ್ಮ ಪಿಂಚಣಿಯ ಬದಲು ಬೇರೆ ಸ್ಕೀಮಿಗೆ ಎಷ್ಟು ಹಣ ಒಯ್ಯಬಹುದು ಅಂತ ಕೇಳಿದ್ದರು. ಮತ್ತೆ ಕೇಳಿದಾಗ ಆ ಮೊತ್ತ ಮೂರನೇ ಒಂದು ಭಾಗ ಇಳಿದಿತ್ತು. ‘ನನ್ನ ಹಣ ಯಾರು ತೆಗೆದರು?’ ಅಂತ ಬರೆದಿದ್ದರು. ಹೇಳುವುದು ಕಷ್ಟ, ಆದರೂ ಸರಳವಾಗಿ ಹೇಳಬಹುದು. ಮುಂದೆ ಕೊಡಬೇಕಾದ ಪಿಂಚಣಿಗೆ ಇವತ್ತು ಎಷ್ಟು ಹಣ ಎತ್ತಿಡಬೇಕು ಅನ್ನುವುದೇ ಆ ಮೊತ್ತ. ಬಡ್ಡಿ ಏರಿದರೆ ಕಡಿಮೆ ಎತ್ತಿಟ್ಟರೂ ಸಾಕಾಗುತ್ತದೆ. ಹಾಗಾಗಿ ಮೊತ್ತ ಇಳಿಯುತ್ತದೆ, ಪಿಂಚಣಿ ಇಳಿಯುವುದಿಲ್ಲ. ಒಮ್ಮೆ ಲಿಖಿತವಾಗಿ ಕೊಟ್ಟ ಮೊತ್ತಕ್ಕೆ ಮೂರು ತಿಂಗಳ ಖಾತರಿ ಇರುತ್ತದೆ, ಅದರ ನಂತರ ಇಲ್ಲ. 30,000 ಪೌಂಡ್‌ಗಿಂತ ಜಾಸ್ತಿ ಇದ್ದರೆ ಅಧಿಕೃತ ಹಣಕಾಸು ಸಲಹೆ ಪಡೆಯದೆ ಒಯ್ಯುವಂತಿಲ್ಲ. ‘ಒಯ್ಯಲಾ, ಬಿಡಲಾ?’ ಅಂತ ಅವರು ನನ್ನನ್ನೇ ಕೇಳಿದರು. ಅದಕ್ಕೆ ನಾವು ಉತ್ತರಿಸುವಂತಿಲ್ಲ. ಮನಸ್ಸಿಗೆ ತುಂಬಾ ಕಷ್ಟವಾಯಿತು. ಆದರೂ ಆ ಗೆರೆ ದಾಟಬಾರದು ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ.

ನಾನು ದೊಡ್ಡ ತಪ್ಪು ಮಾಡಿದ್ದು 2023ರ ಆರಂಭದಲ್ಲಿ. ಲೆಕ್ಕದಲ್ಲಿ ಅಲ್ಲ, ಒಂದು ಪದದಲ್ಲಿ.

ಆಗಷ್ಟೇ ಕ್ಲೈಂಟ್ ತಂಡಕ್ಕೆ ಬಂದಿದ್ದೆ. ಟ್ರಸ್ಟಿಗಳ ಸಭೆಯ ಮಿನಿಟ್ಸ್, ಅಂದರೆ ನಡಾವಳಿ, ಬರೆಯುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು. ಬೆಲೆ ಏರಿಕೆ ಜೋರಾಗಿದ್ದ ಕಾಲ. 2022ರ ಸೆಪ್ಟೆಂಬರ್‌ನಲ್ಲಿ ಹಣದುಬ್ಬರ 10.1% ಇತ್ತು. 1997ರ ಏಪ್ರಿಲ್‌ಗೆ ಮುಂಚಿನ ಸೇವೆಗೆ ಸಿಗುವ ಪಿಂಚಣಿಯನ್ನು, ಜಿಎಂಪಿ ಭಾಗ ಬಿಟ್ಟು, ವರ್ಷವರ್ಷ ಏರಿಸಲೇಬೇಕು ಅಂತ ಕಾನೂನಿಲ್ಲ. ಆ ಸ್ಕೀಮಿನ ನಿಯಮದಲ್ಲೂ ಇರಲಿಲ್ಲ. ಎಂಬತ್ತು ದಾಟಿದ ಹಲವರಿಗೆ ವರ್ಷಗಳಿಂದ ಹೆಚ್ಚುಕಡಿಮೆ ಅದೇ ಮೊತ್ತ ಬರುತ್ತಿತ್ತು. ಅವರಿಗೆ ಒಂದು ವಿಶೇಷ ಏರಿಕೆ ಕೊಡಬಹುದೇ ಅಂತ ಚರ್ಚೆ ಆಯಿತು. ಎಲ್ಲರೂ ತಲೆಯಾಡಿಸಿದರು. ವೆಚ್ಚ ಎಷ್ಟಾಗುತ್ತದೆ ಅಂತ ಪಿಂಚಣಿ ಲೆಕ್ಕದ ತಜ್ಞರಾದ ಆಕ್ಚುವರಿ ಲೆಕ್ಕ ಹಾಕಿ ತರಲಿ, ಆಮೇಲೆ ಕಂಪನಿಯ ಒಪ್ಪಿಗೆ ಕೇಳೋಣ ಅಂದರು. ನಾನು ಬರೆದೆ: ‘ಏರಿಕೆಯ ಪ್ರಸ್ತಾಪಕ್ಕೆ ಟ್ರಸ್ಟಿಗಳು ಒಪ್ಪಿದರು.’

ಕರಡು ಮಂಡಳಿಯ ಅಧ್ಯಕ್ಷರಿಗೆ ಹೋಯಿತು. ಅರ್ಧ ಗಂಟೆಯೊಳಗೆ ಅವರ ಫೋನ್. ದನಿ ಏರಿಸಲಿಲ್ಲ. ‘ನಾವು ಒಪ್ಪಿಲ್ಲ. ಲೆಕ್ಕ ತರಿಸಲು ಒಪ್ಪಿದ್ದೇವೆ. ನಿಮ್ಮ ವಾಕ್ಯ ಹೀಗೇ ಹೊರಗೆ ಹೋದರೆ ಜನ ಅದನ್ನೇ ನಂಬುತ್ತಾರೆ’ ಅಂದರು. ನನ್ನ ಕೈ ತಣ್ಣಗಾಯಿತು. ನಾಳೆ ಏರಿಕೆ ಬರುತ್ತದೆ ಅಂತ ಎಂಬತ್ತೈದರ ಅಜ್ಜಿಯೊಬ್ಬರು ಕಾಯುವಂತಾಗಿದ್ದರೆ?

ಅವತ್ತು ಸಂಜೆ ನನ್ನ ಹಿರಿಯರು ಹಳೆಯ ಮಿನಿಟ್ಸ್ ಕಟ್ಟು ತಂದು ಎದುರಿಗಿಟ್ಟರು. ಬೈಯಲಿಲ್ಲ. ಇಬ್ಬರೂ ಕೂತು ಕ್ರಿಯಾಪದಗಳ ಕೆಳಗೆ ಮಾತ್ರ ಗೆರೆ ಎಳೆದೆವು. ಒಪ್ಪಿದರು, ಗಮನಿಸಿದರು, ಚರ್ಚಿಸಿದರು, ಕೇಳಿಕೊಂಡರು, ಮುಂದೂಡಿದರು. ಪ್ರತಿಯೊಂದರ ಹಿಂದೆಯೂ ಬೇರೆ ಕಾನೂನು, ಬೇರೆ ಹಣ. ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಒಂದೊಂದು ವಿಷಯ ಮುಗಿದಾಗಲೂ ಸಭೆಯಲ್ಲೇ ಕೈ ಎತ್ತಿ ‘ನಾನು ಹೀಗೆ ಬರೆದುಕೊಳ್ಳುತ್ತೇನೆ, ಸರಿಯಾ?’ ಅಂತ ವಾಕ್ಯ ಓದಿ ಹೇಳುತ್ತೇನೆ. ಮೊದಮೊದಲು ಸಂಕೋಚ ಆಗುತ್ತಿತ್ತು. ನನ್ನ ಇಂಗ್ಲಿಷ್ ಮೇಲೆ ಅನುಮಾನ ಬಂದೀತು ಅನ್ನುವ ಭಯ. ಈಗ ಟ್ರಸ್ಟಿಗಳೇ ನನ್ನ ಕಡೆ ತಿರುಗಿ ‘ಏನು ಬರೆದಿರಿ, ಓದಿ’ ಅನ್ನುತ್ತಾರೆ.

ಆ ಏರಿಕೆ ಬಂತಾ ಅಂತ ಕೇಳುತ್ತೀರಿ ಅಲ್ವಾ? ಬಂತು. ಕೇಳಿದ್ದಕ್ಕಿಂತ ಕಡಿಮೆ, ಒಂದೇ ವರ್ಷಕ್ಕೆ. ಆ ಪತ್ರದ ಕರಡನ್ನು ನಾನೇ ಬರೆದೆ, ‘ಈ ವರ್ಷಕ್ಕೆ ಮಾತ್ರ’ ಅನ್ನುವ ಮಾತನ್ನು ಮೊದಲ ಸಾಲಿನಲ್ಲೇ ಇಟ್ಟೆ.

ಕಲಿಕೆಯ ಉಳಿದ ಭಾಗ ಬೇಗ ಹೇಳಿ ಮುಗಿಸಬಹುದು: ಪರೀಕ್ಷೆಗಳು, ಕೆಲಸದ ದಾಖಲೆ, ಕೊನೆಯಲ್ಲಿ ಹೊರಗಿನವರಿಂದ ಮೌಲ್ಯಮಾಪನ. ಓದು ಮುಖ್ಯವೇ. ಆದರೆ ಪರೀಕ್ಷೆಯಲ್ಲಿ ಎಂದೂ ಬಾರದ ವಿಷಯಗಳೂ ಇದ್ದವು. ಸತ್ತವರ ಮನೆಯವರ ಜೊತೆ ಮಾತಾಡುವುದು ಅದರಲ್ಲಿ ಒಂದು. ಇಲ್ಲಿ ಸದಸ್ಯರು ತಾವು ಸತ್ತರೆ ಹಣ ಯಾರಿಗೆ ಹೋಗಲಿ ಅಂತ ಇಚ್ಛೆ ತಿಳಿಸುವ ಒಂದು ಪತ್ರ ತುಂಬಿಕೊಡುತ್ತಾರೆ, ಅದು ಉಯಿಲು ಅಲ್ಲ. ಸಾಮಾನ್ಯವಾಗಿ ಅದು ಟ್ರಸ್ಟಿಗಳನ್ನು ಕಟ್ಟಿಹಾಕುವುದಿಲ್ಲ, ದಾರಿ ತೋರಿಸುತ್ತದೆ ಅಷ್ಟೇ. ಒಂದು ಫೈಲಿನಲ್ಲಿ ಮೂವತ್ತು ವರ್ಷ ಹಳೆಯ ಪತ್ರವಿತ್ತು, ಅದರಲ್ಲಿ ವಿಚ್ಛೇದನವಾದ ಮೊದಲ ಹೆಂಡತಿಯ ಹೆಸರು. ಫೋನ್‌ನಲ್ಲಿ ಇದ್ದವರು ಎರಡನೆಯವರು, ಇಪ್ಪತ್ತು ವರ್ಷ ಜೊತೆಗಿದ್ದವರು. ‘ನನ್ನ ಹೆಸರೇ ಇದೆ ತಾನೇ?’ ಅಂತ ಕೇಳಿದರು. ನಾನು ಹೇಳಿದ್ದು ಇಷ್ಟೇ: ‘ತೀರ್ಮಾನ ಟ್ರಸ್ಟಿಗಳದ್ದು. ಅವರು ಎಲ್ಲರ ಪರಿಸ್ಥಿತಿ ನೋಡುತ್ತಾರೆ. ಯಾವ ಕಾಗದಗಳು ಬೇಕು ಅಂತ ಇವತ್ತೇ ಬರೆಯುತ್ತೇನೆ. ಬರುವ ಮಂಗಳವಾರ ನಾನೇ ಫೋನ್ ಮಾಡುತ್ತೇನೆ.’ ಮಂಗಳವಾರ ಹೇಳಲು ಹೊಸದೇನೂ ಇರಲಿಲ್ಲ. ಆದರೂ ಫೋನ್ ಮಾಡಿದೆ. ನೀವು ಅಪ್ರೆಂಟಿಸ್ ಆಗಿ ಸೇರಿದವರಾದರೆ ಇದನ್ನು ದಯವಿಟ್ಟು ಮಾಡಿ. ಹೇಳಲು ಏನೂ ಇಲ್ಲದಿದ್ದರೂ ಹೇಳಿದ ದಿನ ಫೋನ್ ಮಾಡಿ.

ಈಗ ನನ್ನ ಹೆಚ್ಚಿನ ಹೊತ್ತು ಡ್ಯಾಶ್‌ಬೋರ್ಡ್ ಕೆಲಸಕ್ಕೆ ಹೋಗುತ್ತಿದೆ. ಡ್ಯಾಶ್‌ಬೋರ್ಡ್ ಅಂದರೆ ಜನ ತಮ್ಮ ಎಲ್ಲ ಪಿಂಚಣಿಗಳನ್ನೂ ಒಂದೇ ಕಡೆ ನೋಡಲು ಮಾಡುತ್ತಿರುವ ಆನ್‌ಲೈನ್ ವ್ಯವಸ್ಥೆ. ಅದಕ್ಕೆ ಸ್ಕೀಮುಗಳು ಜೋಡಣೆಯಾಗಲು ಕೊನೆಯ ಗಡುವು 2026ರ ಅಕ್ಟೋಬರ್ 31. ಅದಕ್ಕಾಗಿ ಹಳೆಯ ದಾಖಲೆಗಳನ್ನು ಒಂದೊಂದಾಗಿ ತಿದ್ದುತ್ತಿದ್ದೇವೆ. ತಪ್ಪಿದ ಹುಟ್ಟಿದ ದಿನಾಂಕ, ಬಿಟ್ಟುಹೋದ ವಿಳಾಸ, ಮದುವೆಯಾಗಿ ಬದಲಾದ ಹೆಸರು. ಸಂಪರ್ಕ ತಪ್ಪಿಹೋದ ಸದಸ್ಯರ ಪಟ್ಟಿಯಲ್ಲಿ ಹೆಂಗಸರೇ ಜಾಸ್ತಿ ಕಾಣುವುದು ಇದೇ ಕಾರಣಕ್ಕೆ ಅಂತ ನನಗೆ ಅನಿಸುತ್ತದೆ. ಒಬ್ಬರು 1991ರಲ್ಲಿ ಕೆಲಸ ಬಿಟ್ಟವರು, ಹಳೆಯ ಹೆಸರಿನಲ್ಲೇ ಉಳಿದಿದ್ದರು. ಹೊಸ ಹೆಸರು ಪತ್ತೆಮಾಡಿ ಪತ್ರ ಹಾಕಿದೆವು. ಫೋನ್ ಮಾಡಿ ಮೊದಲು ಕೇಳಿದ್ದು ‘ಇದು ಮೋಸದ ಪತ್ರ ಅಲ್ಲ ತಾನೇ?’ ಅಂತ. ‘ಈ ನಂಬರನ್ನು ನಂಬಬೇಡಿ. ನೀವು ದುಡಿದ ಕಂಪನಿಗೇ ಫೋನ್ ಮಾಡಿ, ಅವರಿಂದ ನಮ್ಮ ನಂಬರ್ ಪಡೆದು ಮಾತಾಡಿ’ ಅಂದೆ. ಮರುದಿನ ಹಾಗೇ ಮಾಡಿದರು. ಆರು ವರ್ಷದ ಸೇವೆ, ಸಣ್ಣ ಪಿಂಚಣಿ. ಅದು ತಮಗಿದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಹೊಸ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿಸಿಕೊಂಡೆ, ನಾನು ಟೈಪ್ ಮಾಡಿದ್ದನ್ನು ಅವರಿಗೆ ಓದಿ ಹೇಳಿದೆ, ಅವರು ಸರಿ ಅಂದ ಮೇಲೆ ಸೇವ್ ಮಾಡಿದೆ.