ಹರಿದ ಹಾಳೆಯ ಹಿಂದಿನ ಹೆಸರು

ಬೀದರಿನ ನೆಲದಲ್ಲಿ ಸಮಾಧಿ ತೋಡುವುದು ಸುಲಭದ ಕೆಲಸವಲ್ಲ. ಮೇಲಿನ ಕೆಂಪು ಮಣ್ಣು ಮುಗಿಯುತ್ತಲೇ ಜಂಬಿಟ್ಟಿಗೆ ಕಲ್ಲು ಸಿಗುತ್ತದೆ. ಮೂರು ವರ್ಷಗಳ ಹಿಂದೆ, ಜನವರಿಯ ಒಂದು ಬೆಳಿಗ್ಗೆ, ಆ ಕಲ್ಲಿಗೆ ಹಾರೆ ಬೀಳುವ ಸದ್ದು ಕೇಳುತ್ತ ನಾನು ನಿಂತಿದ್ದೆ. ಮಣ್ಣಿಗಿಡಬೇಕಾಗಿದ್ದುದು ನನ್ನ ಚರ್ಚಿನ ಸಭೆಯ ಗೆಳತಿಯನ್ನು. ಆಕೆಗೆ 58 ವರ್ಷ. ಭಾನುವಾರದ ಆರಾಧನೆಯಲ್ಲಿ 22 ವರ್ಷ ನಾವು ಒಂದೇ ಬೆಂಚಿನಲ್ಲಿ ಕುಳಿತಿದ್ದೆವು.

ಸಭಾಪಾಲಕರು ಬೈಬಲಿನ 90ನೆಯ ಕೀರ್ತನೆಯನ್ನು ಓದಿದರು. ಮನುಷ್ಯನ ಆಯುಷ್ಯ 70 ವರ್ಷ, ಬಲವಿದ್ದರೆ 80. ದಿನಗಳನ್ನು ಎಣಿಸುವುದನ್ನು ನಮಗೆ ಕಲಿಸು ಎಂದು ಮೋಶೆ ಅದರಲ್ಲಿ ಬೇಡುತ್ತಾನೆ. ಎಷ್ಟೋ ಸಮಾಧಿಗಳ ಬಳಿ ಕೇಳಿದ ಮಾತು ಅಂದು ನನ್ನನ್ನು ಇರಿಯಿತು. ಜ್ವರವೆಂದು ಆಕೆ ಹೇಳಿ ಕಳುಹಿಸಿ ಎಂಟು ದಿನಗಳಾಗಿದ್ದವು. ತೊಗರಿ ರಾಶಿ ಮುಗಿಯಲಿ, ಆಮೇಲೆ ಹೋದರಾಯಿತು ಎಂದುಕೊಂಡಿದ್ದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಸಿ ಚಳಿಯಲ್ಲಿ ಕೈ ಕುಲುಕಿದ್ದೇ ನಮ್ಮ ಕೊನೆಯ ಭೇಟಿಯಾಯಿತು.

ಆಕೆಯ ಮನೆಯ ಗೋಡೆಯ ಮೇಲೆ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇನ್ನೂ ದಪ್ಪಗೆ ತೂಗುತ್ತಿತ್ತು. ಹನ್ನೊಂದು ಹಾಳೆಗಳು ಮಾತ್ರ ಹೋಗಿದ್ದವು. ಎಲ್ಲರೂ ಬೆಳಿಗ್ಗೆ ಹರಿಯುವ ಹಾಳೆಯನ್ನು ಆಕೆ ರಾತ್ರಿ ಮಲಗುವ ಮುನ್ನ ಹರಿಯುತ್ತಿದ್ದಳು. ಅದರ ಹಿಂಬದಿಯಲ್ಲಿ, ಆ ದಿನ ತಾನು ಯಾರ ಜೊತೆ ಕುಳಿತಿದ್ದಳೋ ಅವರ ಹೆಸರು ಬರೆದು ಬಿಸ್ಕತ್ತಿನ ಹಳೆಯ ಡಬ್ಬಿಗೆ ಹಾಕುತ್ತಿದ್ದಳು. ಏಕೆಂದು ಒಮ್ಮೆ ಕೇಳಿದ್ದೆ. "ದಿನ ಎಣಿಸು ಅಂದನಲ್ಲ, ಬರೀ ಅಂಕಿ ಎಣಿಸಿದರೆ ಏನು ಸಿಗುತ್ತದೆ?" ಎಂದಿದ್ದಳು.

ಮರುವಾರ ಅಂಥದೇ ಕ್ಯಾಲೆಂಡರ್ ತಂದು ನಾನೂ ಶುರು ಮಾಡಿದೆ. ಮೊದಲ ಮೂವತ್ತು ಹಾಳೆಗಳನ್ನು ತಿರುವಿ ನೋಡಿದಾಗ ಒಂಬತ್ತರಲ್ಲಿ ಮಾತ್ರ ಮನುಷ್ಯರ ಹೆಸರಿತ್ತು. ಉಳಿದವುಗಳಲ್ಲಿ ಬ್ಯಾಂಕ್, ಸಭೆಯ ಲೆಕ್ಕಪತ್ರ, ಗೊಬ್ಬರದ ಚೀಲ. ಅದನ್ನು ಸರಿಪಡಿಸಲೆಂದು ದಿನಕ್ಕೆ ಮೂರು ನಾಲ್ಕು ಮನೆಗಳಿಗೆ ಓಡಾಡಿದೆ. ಚಪ್ಪಲಿ ಬಿಡುವಾಗಲೇ ಮುಂದಿನ ಮನೆಯ ಯೋಚನೆ. ಒಬ್ಬ ವಿಧವೆ ನನಗೆ ಚಹಾ ಕೊಡಲು ಎದ್ದವಳು ನನ್ನ ಮುಖ ನೋಡಿ ಮತ್ತೆ ಕುಳಿತುಬಿಟ್ಟಳು. ಆ ರಾತ್ರಿ ಆಕೆಯ ಹೆಸರು ಬರೆಯಲು ನನಗೆ ಕೈ ಬರಲಿಲ್ಲ.

ಈಗ ಸಂಜೆ ನಾಲ್ಕರ ನಂತರ ಒಂದೇ ಮನೆಗೆ ಹೋಗುತ್ತೇನೆ. ಮೊಬೈಲ್ ಮನೆಯಲ್ಲೇ ಇರುತ್ತದೆ. ಬೈಬಲ್ ಜೊತೆಗಿರುತ್ತದೆ, ಅವರು ಕೇಳಿದರೆ ತೆರೆಯುತ್ತೇನೆ. ಚಹಾ ಬೇಡವೆನ್ನುವುದಿಲ್ಲ. ಹಾಸಿಗೆ ಹಿಡಿದವರಿದ್ದರೆ ಅವರ ಕಾಲ ಬಳಿ ಕೂರದೆ ತಲೆಯ ಬಳಿ ಕೂರುತ್ತೇನೆ; ಅವರಿಗೆ ದನಿ ಎತ್ತುವ ಕಷ್ಟ ತಪ್ಪುತ್ತದೆ. ಇದು ಗೆಳತಿಯನ್ನು ನೋಡಿ ಕಲಿತದ್ದು. ಹೋಗಲಾಗದ ದಿನದ ಖಾಲಿ ಹಾಳೆಯೂ ಡಬ್ಬಿಗೆ ಸೇರುತ್ತದೆ.

ಮೊದಲ ವರ್ಷ ಇದನ್ನು ನಡೆಸಿದ್ದು ತಪ್ಪಿನ ಭಾರ. ಆ ಎಂಟು ದಿನಗಳ ಸಾಲ ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಎಷ್ಟು ಮನೆ ಹತ್ತಿಳಿದರೂ ಅದು ತೀರಲಿಲ್ಲ. ನಂತರದ ಪುನರುತ್ಥಾನ ಹಬ್ಬದ (ಈಸ್ಟರ್) ವಾರದಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಸತ್ತವರು ಏಳುವರೆಂದು 57 ವಚನಗಳವರೆಗೆ ವಾದಿಸಿ, ಮರಣವನ್ನೇ ಕೆಣಕಿ, 58ನೆಯ ವಚನದಲ್ಲಿ ಅವನು ಬಂದು ನಿಲ್ಲುವುದು ಕೆಲಸದ ಮಾತಿಗೆ: ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲ. ಎಷ್ಟೋ ಸಲ ಕೇಳಿದ್ದ ಅಧ್ಯಾಯವಾದರೂ ಕೊನೆಯ ವಚನದ ಬಳಿ ನಾನು ಎಂದೂ ನಿಂತಿರಲಿಲ್ಲ. ಆಕೆಯ ಡಬ್ಬಿಯಲ್ಲಿದ್ದ ಒಂದು ಹೆಸರೂ ಮಣ್ಣಾಗಿಲ್ಲ ಎಂದು ಅಂದು ನಂಬಿದೆ. ನನ್ನ ತಪ್ಪನ್ನು ಕ್ರಿಸ್ತನ ಮುಂದಿಟ್ಟು ಅತ್ತೆ. ಸಾಲಗಾರನ ಓಟ ಅಲ್ಲಿಗೆ ನಿಂತಿತು.

ದುಃಖ ನಿಲ್ಲಲಿಲ್ಲ, ನಿಲ್ಲಬೇಕೆಂದು ಶಾಸ್ತ್ರವೂ ಹೇಳುವುದಿಲ್ಲ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರಿ ಎಂದಷ್ಟೇ ಥೆಸಲೋನಿಕದವರಿಗೆ ಬರೆದಿದೆ. ಸತ್ತಿದ್ದ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸು ಸಮಾಧಿಗೆ ಹೋಗುವ ದಾರಿಯಲ್ಲಿ ಕಣ್ಣೀರಿಟ್ಟನು. ಅಳಬಾರದು, ವಿಶ್ವಾಸಿಗಳು ನೀವು ಎಂದು ಹೊಸದಾಗಿ ಗಂಡನನ್ನು ಕಳೆದುಕೊಂಡವಳಿಗೆ ಯಾರಾದರೂ ಬುದ್ಧಿ ಹೇಳುವಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಈ ಜನವರಿ 12ರಂದು ಯಾರ ಮನೆಗೂ ಹೋಗಲಿಲ್ಲ. ಸಮಾಧಿಯ ಹುಲ್ಲು ಕಿತ್ತು, ಸುಣ್ಣ ಬಳಿದು, ಬಿಸಿಲು ಇಳಿಯುವವರೆಗೆ ಅಲ್ಲೇ ಕುಳಿತಿದ್ದೆ. ರಾತ್ರಿ ಹಾಳೆ ಹರಿದು ಪೆನ್ನು ಹಿಡಿದಾಗ, ಬದುಕಿರುವವರ ಹೆಸರುಗಳ ನಡುವೆ ಆಕೆಯ ಹೆಸರನ್ನು ಬರೆಯಬಹುದೇ ಎಂದು ಸ್ವಲ್ಪ ಹೊತ್ತು ತಡೆದೆ. ಆಮೇಲೆ ಬರೆದೆ.